ಬ್ಯಾಗಿನಲ್ಲಿ ಏನಿರಬೇಕು: ಸ್ಪ್ರೇ, ಅಲಾರಂ, ಟಾರ್ಚ್, ಚಾಕು, ಇವುಗಳಲ್ಲಿ ಯಾವುದು ಯಾರಿಗೆ

ಮಗಳು ಬೆಂಗಳೂರಿನ ಪಿಜಿಗೆ ಸೇರಿದಳು. ತಮ್ಮನಿಗೆ ನೈಟ್ ಶಿಫ್ಟ್ ಬಂತು. ಅಮ್ಮ ಬೆಳಗಿನ ಜಾವ ಒಬ್ಬರೇ ವಾಕಿಂಗ್ ಹೋಗುತ್ತಾರೆ. ಇಂಥ ಹೊತ್ತಿನಲ್ಲಿ ಮನೆಯವರು ಆನ್‌ಲೈನ್‌ನಲ್ಲಿ 'ಸೆಲ್ಫ್ ಡಿಫೆನ್ಸ್' ಎಂದು ಹುಡುಕುತ್ತಾರೆ. ಪೆಪ್ಪರ್ ಸ್ಪ್ರೇ, ಕರೆಂಟ್ ಹೊಡೆಯುವ ಟಾರ್ಚ್, ಜಾಡಿಸಿದರೆ ಉದ್ದವಾಗುವ ಸ್ಟೀಲ್ ಲಾಠಿ, ಕ್ರೆಡಿಟ್ ಕಾರ್ಡಿನಂತೆ ಮಡಚುವ ಚಾಕು, ನೂರೆಂಟು ಸಾಮಾನು ಎದುರಿಗೆ ಬಂದು ನಿಲ್ಲುತ್ತವೆ. ಎಲ್ಲದರ ಕೆಳಗೂ ಚೆನ್ನಾಗಿದೆ ಎಂದೇ ಬರೆದಿರುತ್ತದೆ. ಯಾವುದನ್ನು ಕೊಳ್ಳಬೇಕು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸದ್ದು, ಬೆಳಕು, ಫೋನ್ ಮೊದಲು. ಸ್ಪ್ರೇ ಆಮೇಲೆ. ಎದುರಿನವನ ಹತ್ತಿರ ಹೋಗಿ, ಮೈಗೆ ತಾಗಿಸಿ ಬಳಸಬೇಕಾದ ಯಾವ ಸಾಮಾನೂ ಬೇಡ. ಯಾಕೆಂದರೆ ನಮಗೆ ಬೇಕಿರುವುದು ಆ ಜಾಗದಿಂದ ತಪ್ಪಿಸಿಕೊಂಡು ಮನೆ ಸೇರುವುದು, ಹೊಡೆದಾಟದಲ್ಲಿ ಗೆಲ್ಲುವುದು ಬೇಕಿಲ್ಲ.

ಯಾವ ಸಾಮಾನನ್ನೇ ಆಗಲಿ ಕೊಳ್ಳುವ ಮೊದಲು ಒಂದಿಷ್ಟು ವಿಷಯ ಯೋಚಿಸಿ. ಒಂದು ಕೈಯಲ್ಲಿ, ಕತ್ತಲಲ್ಲಿ, ಕೈ ನಡುಗುವಾಗ ಅದನ್ನು ತೆಗೆದು ಬಳಸಲು ಆಗುತ್ತದಾ? ಅವನು ಕಿತ್ತುಕೊಂಡರೆ ಅದೇ ನಿಮ್ಮ ಮೇಲೆ ತಿರುಗುತ್ತದಾ? ಮರುದಿನ ಪೊಲೀಸ್ ಠಾಣೆಯಲ್ಲಿ ಕೂತು ಇದನ್ನು ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಿದರೆ ನೆಟ್ಟಗೆ ಉತ್ತರ ಕೊಡಲು ಆಗುತ್ತದಾ? ಮಾರಾಟಕ್ಕಿರುವ ಅರ್ಧಕ್ಕೂ ಹೆಚ್ಚು ಸಾಮಾನು ಈ ಪ್ರಶ್ನೆಗಳಲ್ಲೇ ಬಿದ್ದುಹೋಗುತ್ತವೆ.

ದುಡ್ಡು ಕೊಡದೇ ಸಿಗುವುದು

ಫೋನಿನಿಂದ ಶುರು ಮಾಡಿ. ಭಾರತದಲ್ಲಿ ತುರ್ತು ಸಂಖ್ಯೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ. 2017ರಿಂದ ಇಲ್ಲಿ ಮಾರಾಟವಾಗುವ ಎಲ್ಲ ಮೊಬೈಲ್‌ಗಳಲ್ಲೂ ಪ್ಯಾನಿಕ್ ಬಟನ್ ಇರಲೇಬೇಕು ಎಂಬ ನಿಯಮ ಬಂತು. ಸ್ಮಾರ್ಟ್‌ಫೋನ್ ಆದರೆ ಪವರ್ ಬಟನ್ ಅನ್ನು ಮೂರು ಸಲ ಬೇಗ ಬೇಗ ಒತ್ತುವುದು, ಕೀಪ್ಯಾಡ್ ಫೋನ್ ಆದರೆ 5 ಅಥವಾ 9 ಅನ್ನು ಒತ್ತಿ ಹಿಡಿಯುವುದು. ಈಗ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಐದು ಸಲ ಒತ್ತಬೇಕು. ಇವತ್ತೇ ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ' ಎಂದು ಹುಡುಕಿ ನಿಮ್ಮ ಫೋನಿನಲ್ಲಿ ಎಷ್ಟು ಸಲ ಎಂದು ನೋಡಿಕೊಳ್ಳಿ. ಮನೆಯ ಇಬ್ಬರ ನಂಬರ್ ಸೇರಿಸಿ. ಲೊಕೇಶನ್ ಹೋಗುವ ಹಾಗೆ ಮಾಡಿಡಿ. ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲೂ ಎಸ್‌ಒಎಸ್ ಇದೆ, ಹಾಕಿಕೊಳ್ಳಿ.

ಆದರೆ ಫೋನಿಗೂ ಮಿತಿ ಇದೆ. ಕರೆ ಹೋಗಿ, ಹೊಯ್ಸಳ ವಾಹನ ಹೊರಟು, ಟ್ರಾಫಿಕ್ ದಾಟಿ ನಿಮ್ಮ ಹತ್ತಿರ ಬರುವ ತನಕದ ಹೊತ್ತನ್ನು ನೀವೇ ಕಳೆಯಬೇಕು, ಅಲ್ವಾ? ಮಲೆನಾಡಿನ ಒಳರಸ್ತೆಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಹಾಗಾಗಿ ಬೇರೆ ಸಾಮಾನೂ ಬೇಕು.

ಬ್ಯಾಟರಿ ಖಾಲಿಯಾದ ಫೋನ್ ಯಾವ ಕೆಲಸಕ್ಕೂ ಬರುವುದಿಲ್ಲ. ಸಣ್ಣ ಪವರ್ ಬ್ಯಾಂಕ್ ಇರಲಿ. ಪರ್ಸಿನಲ್ಲಿ ಒಂದು ಚೀಟಿ ಇಡಿ: ಇಬ್ಬರ ನಂಬರ್, ನಿಮ್ಮ ರಕ್ತದ ಗುಂಪು, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು. ಫೋನ್ ಕಳೆದುಹೋದರೆ ಮನೆಯವರ ನಂಬರ್ ಬಾಯಿಪಾಠ ಇರುವವರು ಈಗ ಎಷ್ಟು ಜನ? ಜೊತೆಗೆ ಆಟೊಗೆ ಆಗುವಷ್ಟು ನಗದು ಬೇರೆ ಜೇಬಿನಲ್ಲಿರಲಿ.

ಸೀಟಿಯೋ ಅಲಾರಮ್ಮೋ

ಎರಡೂ ಸದ್ದಿನ ಸಾಮಾನೇ. ಪರ್ಸನಲ್ ಅಲಾರಂ ಎಂದರೆ ಕೀ ಬಂಚ್‌ಗೆ ಹಾಕುವ ಸಣ್ಣ ಡಬ್ಬಿ. ಪಿನ್ ಎಳೆದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ, ಪಿನ್ ವಾಪಸ್ ಹಾಕುವ ತನಕ ನಿಲ್ಲುವುದಿಲ್ಲ. ಪ್ಯಾಕ್ ಮೇಲೆ 120 ಅಥವಾ 130 ಡೆಸಿಬಲ್ ಎಂದಿರುತ್ತದೆ. ಇದರ ದೊಡ್ಡ ಗುಣ ಏನೆಂದರೆ, ಭಯದಲ್ಲಿ ಗಂಟಲು ಕಟ್ಟಿದರೂ ಕೈ ಒಂದು ಎಳೆದರೆ ಸಾಕು. ಎಳೆದು ದೂರ ಎಸೆಯಬಹುದು ಕೂಡ, ಆಗ ಅದನ್ನು ನಿಲ್ಲಿಸಲು ಅವನು ನಿಮ್ಮನ್ನು ಬಿಟ್ಟು ಅದರ ಹಿಂದೆ ಹೋಗಬೇಕಾಗುತ್ತದೆ.

ಸೀಟಿಗೆ ಬ್ಯಾಟರಿ ಬೇಡ. ಒಳಗೆ ಗುಂಡು ಇಲ್ಲದ ಸೀಟಿ ತಗೊಳ್ಳಿ, ನೀರು ಹೊಕ್ಕರೂ ಕೂಗುತ್ತದೆ. ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ಓಡುವಾಗ, ಏದುಸಿರು ಬಿಡುವಾಗ ಊದುವುದು ಕಷ್ಟ. ಯಾರಾದರೂ ಬಾಯಿ ಮುಚ್ಚಿ ಹಿಡಿದರೆ ಮುಗಿಯಿತು.

ಪೇಟೆಯಲ್ಲಿ ಓಡಾಡುವವರಿಗೆ ಅಲಾರಂ ಒಳ್ಳೆಯದು. ಚಾರಣ ಹೋಗುವವರಿಗೆ, ಕಾಫಿ ತೋಟದಲ್ಲಿ ಒಂಟಿಯಾಗಿ ಓಡಾಡುವವರಿಗೆ ಸೀಟಿ ಒಳ್ಳೆಯದು. ಕಾಲು ಉಳುಕಿ ಬಿದ್ದರೆ ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ ಊದಿ. ಅದು ಸಹಾಯ ಬೇಕು ಎಂಬ ಸಂಕೇತ ಎಂದು ಬೆಟ್ಟ ಹತ್ತುವವರಿಗೆ ಗೊತ್ತಿರುತ್ತದೆ. ವಯಸ್ಸಾದವರಿಗೆ ಮತ್ತು ಸ್ಕೂಲ್ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಅಲಾರಂ ಕೊಡಿ ಎನ್ನುತ್ತೇನೆ. ತಪ್ಪಾಗಿ ಎಳೆದರೂ ಯಾರಿಗೂ ಗಾಯವಾಗುವುದಿಲ್ಲ.

ಟಾರ್ಚ್: ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವುದು

ಸ್ಪ್ರೇಯನ್ನು ಜೀವಮಾನದಲ್ಲಿ ಒಮ್ಮೆಯೂ ಬಳಸದಿರಬಹುದು. ಟಾರ್ಚ್ ವಾರಕ್ಕೆ ನಾಲ್ಕು ಸಲ ಬೇಕಾಗುತ್ತದೆ. ಬೀದಿದೀಪ ಕೆಟ್ಟಿರುವ ರಸ್ತೆ, ಮುಚ್ಚಳ ಇಲ್ಲದ ಚರಂಡಿ, ಕರೆಂಟ್ ಹೋದ ಮೆಟ್ಟಿಲು, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್.

ಫೋನಿನಲ್ಲೇ ಟಾರ್ಚ್ ಇದೆಯಲ್ಲ ಎನ್ನಬಹುದು. ಅದರ ಬೆಳಕು ಕಾಲಬುಡಕ್ಕೆ ಸಾಕು, ಇಪ್ಪತ್ತು ಅಡಿ ಆಚೆ ಮರದ ಕೆಳಗೆ ಯಾರು ನಿಂತಿದ್ದಾರೆ ಎಂದು ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಕರೆ ಮಾಡಬೇಕಾದ ಹೊತ್ತಿಗೆ ಅದೇ ಫೋನ್ ದೀಪವಾಗಿ ಕೈಯಲ್ಲಿರುತ್ತದೆ. ಕಿತ್ತುಕೊಂಡು ಹೋಗುವವನಿಗೂ ಅದು ಚೆನ್ನಾಗಿ ಕಾಣುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಹೆಬ್ಬೆರಳಿಗೆ ಸಿಗುವ ಹಾಗೆ ಹಿಂಬದಿಯಲ್ಲಿ ಬಟನ್ ಇರಬೇಕು. ಮೊದಲ ಒತ್ತಿಗೇ ಪೂರ್ತಿ ಬೆಳಕು ಬರಬೇಕು, ನಾಲ್ಕು ಮೋಡ್ ದಾಟಿ ಹೋಗಬೇಕಾದ್ದು ಬೇಡ. ಬೆಳಕಿನ ಅಳತೆಯನ್ನು ಲ್ಯೂಮೆನ್‌ನಲ್ಲಿ ಬರೆದಿರುತ್ತಾರೆ, 300 ಲ್ಯೂಮೆನ್ ಧಾರಾಳವಾಗಿ ಸಾಕು, ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅಷ್ಟು ಬಿದ್ದರೆ ಎದುರಿನವನು ಒಂದೆರಡು ಕ್ಷಣ ಮುಖ ತಿರುಗಿಸಲೇಬೇಕು. ಯುಎಸ್‌ಬಿ ಚಾರ್ಜಿಂಗ್ ಇದ್ದರೆ ಒಳ್ಳೆಯದು. ಮುನ್ನೂರು ರೂಪಾಯಿಯ ಟಾರ್ಚ್ ಮೇಲೆ ಒಂದು ಲಕ್ಷ ಲ್ಯೂಮೆನ್ ಎಂದು ಬರೆದಿದ್ದರೆ ನಂಬಬೇಡಿ. ಹಾಗೆಯೇ 18650 ಎಂಬ ಸೈಜಿನ ಬ್ಯಾಟರಿ ಮೇಲೆ 9,900 ಎಂಎಎಚ್ ಎಂದಿದ್ದರೆ ಅದು ಸುಳ್ಳು, ಆ ಗಾತ್ರದ ಒಳ್ಳೆಯ ಸೆಲ್ಲಿಗೆ ಸುಮಾರು 3,500 ಇರುತ್ತದೆ. ಸುಳ್ಳು ಬರೆದ ಲಿಥಿಯಂ ಸೆಲ್ ಬೆಂಕಿಯ ಅಪಾಯವೂ ಹೌದು.

ಹಳ್ಳಿಯಲ್ಲಿರುವವರಿಗೆ ಟಾರ್ಚ್ ಬೇರೆಯದೇ ಕಾರಣಕ್ಕೆ ಮುಖ್ಯ. ಕಟ್ಟುಹಾವು, ಕೊಳಕುಮಂಡಲ ಎರಡೂ ರಾತ್ರಿ ಓಡಾಡುವ ಹಾವುಗಳು. ರಾತ್ರಿ ಪಂಪ್‌ಸೆಟ್‌ಗೆ ಕರೆಂಟ್ ಬಂತೆಂದು ಬರಿಗಾಲಲ್ಲಿ ಗದ್ದೆಗೆ ಹೋಗುವ ರೈತರು ನಮ್ಮಲ್ಲಿ ಎಷ್ಟಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಸಮಸ್ಯೆ ಅಷ್ಟು ದೊಡ್ಡದು. ಊರಿನಲ್ಲಿರುವ ಅಪ್ಪನಿಗೆ ಏನಾದರೂ ಕಳಿಸಬೇಕು ಅನಿಸಿದರೆ ಒಳ್ಳೆಯ ಟಾರ್ಚ್ ಮತ್ತು ಗಂಬೂಟು ಕಳಿಸಿ.

ಪೆಪ್ಪರ್ ಸ್ಪ್ರೇ

ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಒಳಗಿರುವುದು ಮೆಣಸಿನಕಾಯಿಯ ಎಣ್ಣೆಯಂಥ ಸಾರ, ಉರಿ ತರಿಸುವುದು ಅದರಲ್ಲಿರುವ ಕ್ಯಾಪ್ಸೈಸಿನ್. ಕಣ್ಣಿಗೆ ಬಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಉರಿ ಅರ್ಧ ಗಂಟೆ ಮುಕ್ಕಾಲು ಗಂಟೆ ಇರುತ್ತದೆ. ನಿಮಗೆ ಓಡಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಆದರೆ ಪೂರ್ತಿ ಅಮಲಿನಲ್ಲಿರುವ ಕೆಲವರು ಇದಕ್ಕೂ ನಿಲ್ಲುವುದಿಲ್ಲ ಎಂಬುದು ಗೊತ್ತಿರಲಿ. ಹೊಡೆದ ಮೇಲೆ ಅಲ್ಲೇ ನಿಂತು ಏನಾಯಿತು ಎಂದು ನೋಡಬೇಡಿ.

ಡಬ್ಬಿಯ ಮೇಲೆ 10% ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಸಾರ ಎಷ್ಟಿದೆ ಎಂಬ ಲೆಕ್ಕ, ಖಾರ ಎಷ್ಟಿದೆ ಎಂಬುದಲ್ಲ. ಬ್ಯಾಡಗಿ ಮೆಣಸಿನಕಾಯಿ ಒಂದು ಹಿಡಿ ಹಾಕಿದರೂ ಸಾರು ಕೆಂಪಾಗುತ್ತದೆಯೇ ಹೊರತು ಗುಂಟೂರಿನದರಷ್ಟು ಖಾರ ಆಗುವುದಿಲ್ಲ, ಇದೂ ಹಾಗೆಯೇ. ಖಾರ ಕೊಡುವ ಅಂಶ, ಅಂದರೆ ಕ್ಯಾಪ್ಸೈಸಿನಾಯ್ಡ್, ಎಷ್ಟು ಶೇಕಡಾ ಎಂದು ಬೇರೆಯಾಗಿ ಬರೆದಿರುವ ಕಂಪನಿ ಸಿಕ್ಕರೆ ಅದನ್ನು ತಗೊಳ್ಳಿ.

ಹೊರಬರುವ ರೀತಿಯಲ್ಲಿ ಮೂರು ಬಗೆ. ಮಂಜಿನಂತೆ ಹರಡುವುದು ಗುರಿ ಇಡದಿದ್ದರೂ ಮುಖಕ್ಕೆ ತಾಗುತ್ತದೆ, ಗಾಳಿ ಎದುರಾದರೆ ನಿಮ್ಮ ಮುಖಕ್ಕೇ ಬರುತ್ತದೆ. ನೀರಿನ ಎಳೆಯಂತೆ ಚಿಮ್ಮುವುದು ದೂರ ಹೋಗುತ್ತದೆ, ಗಾಳಿಗೆ ಅಷ್ಟು ಹೆದರಬೇಕಿಲ್ಲ, ಆದರೆ ಗುರಿ ಬೇಕು. ಜೆಲ್ ಗಾಳಿಯಲ್ಲಿ ತೇಲುವುದೇ ಕಡಿಮೆ, ಆದರೆ ಕಣ್ಣಿಗೇ ಬೀಳಬೇಕು ಮತ್ತು ಪರಿಣಾಮಕ್ಕೆ ಒಂದೆರಡು ಕ್ಷಣ ಜಾಸ್ತಿ ಬೇಕು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಎಳೆಯಂತೆ ಚಿಮ್ಮುವುದನ್ನು. ಕರಾವಳಿಯಲ್ಲಿ, ಗದಗ ಚಿತ್ರದುರ್ಗದ ಗಾಳಿಯಲ್ಲಿ, ಸ್ಕೂಟರ್ ಮೇಲೆ ಓಡಾಡುವವರಿಗೆ ಮಂಜಿನದು ಖಂಡಿತ ಬೇಡ.

ಆಟೊ, ಕ್ಯಾಬ್, ಲಿಫ್ಟ್, ಬಸ್ಸಿನಲ್ಲಿ ಬಳಸುವ ಮೊದಲು ನೂರು ಸಲ ಯೋಚಿಸಬೇಕು. 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆಯ ಗಲಾಟೆಯಲ್ಲಿ ಸಂಸದರೊಬ್ಬರು ಲೋಕಸಭೆಯೊಳಗೆ ಪೆಪ್ಪರ್ ಸ್ಪ್ರೇ ಹೊಡೆದದ್ದು ನೆನಪಿರಬಹುದು. ಅಷ್ಟು ದೊಡ್ಡ ಸಭಾಂಗಣದಲ್ಲೇ ಸದಸ್ಯರು ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು, ಕೆಲವರು ಆಸ್ಪತ್ರೆ ಸೇರಿದರು. ಇನ್ನು ಕ್ಯಾಬಿನೊಳಗೆ ಏನಾಗಬಹುದು? ಓಡುತ್ತಿರುವ ಗಾಡಿಯ ಡ್ರೈವರ್ ಕಣ್ಣಿಗೆ ಹೊಡೆದರೆ ಗಾಡಿ ಪಲ್ಟಿಯಾಗುತ್ತದೆ, ಒಳಗೆ ನೀವೂ ಇರುತ್ತೀರಿ. ಅಂಥ ಜಾಗದಲ್ಲಿ ಅಲಾರಂ ಮತ್ತು 112 ಮೊದಲು, ಗಾಡಿ ನಿಂತಾಗ ಇಳಿದು ಓಡುವುದು ಆಮೇಲೆ. ಆಸ್ತಮಾ ಇರುವವರು ಸ್ಪ್ರೇ ಬಿಟ್ಟು ಅಲಾರಂ ಆರಿಸಿಕೊಳ್ಳುವುದೇ ಕ್ಷೇಮ.

ಖಾರದ ಪುಡಿ ಪೊಟ್ಟಣ ಸಾಕಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಸುಮ್ನೆ ಇದ್ದರೆ ಇರಲಿ ಎಂದು ಇಟ್ಟುಕೊಳ್ಳುವವರೂ ಇದ್ದಾರೆ. ಬೇಡ. ಪೊಟ್ಟಣ ಬಿಚ್ಚಲು ಎರಡು ಕೈ ಬೇಕು, ಒಂದು ಗೇಣು ದೂರಕ್ಕೆ ಬರಬೇಕು, ಎರಚಿದ್ದರಲ್ಲಿ ಅರ್ಧ ನಿಮ್ಮ ಮೇಲೆಯೇ ಬೀಳುತ್ತದೆ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಇನ್ನೂರು, ಮುನ್ನೂರು ರೂಪಾಯಿಗೆ ಸ್ಪ್ರೇ ಸಿಗುವಾಗ ಆ ಸಾಹಸ ಯಾಕೆ?

ಕಾನೂನಿನ ಮಾತು. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಬಂದೂಕಿನ ಹಾಗೆ ಲೈಸೆನ್ಸ್ ಬೇಕಿಲ್ಲ. ಆದರೆ ಎಲ್ಲಿ ಬೇಕಾದರೂ ಹೊಡೆಯಬಹುದು ಎಂದು ಇದರ ಅರ್ಥವಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬೆಂಗಳೂರಿನ ಒಂದು ಜಗಳದ ಪ್ರಕರಣ ಬಂತು. ಸ್ಪ್ರೇ ಬಳಸಿದವರು ಅದು ಆತ್ಮರಕ್ಷಣೆ, ಕೇಸ್ ರದ್ದು ಮಾಡಿ ಎಂದು ಕೇಳಿದರು. ಜೀವಕ್ಕೆ ಅಪಾಯವೇ ಇರಲಿಲ್ಲವಲ್ಲ ಎಂದ ಕೋರ್ಟ್, ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧದ ಸಾಲಿನಲ್ಲಿ ನೋಡಿ, ಕೇಸ್ ರದ್ದು ಮಾಡಲು ಒಪ್ಪಲಿಲ್ಲ. ಪಾರ್ಕಿಂಗ್ ಜಗಳಕ್ಕೆ, ಬಾಡಿಗೆದಾರರ ಜೊತೆ ಮಾತಿಗೆ ಮಾತು ಬೆಳೆದದ್ದಕ್ಕೆ ಇದನ್ನು ತೆಗೆದರೆ ಆರೋಪಿಯಾಗುವುದು ನೀವೇ.

ವಿಮಾನದಲ್ಲಿ ಹೋಗುವಾಗ ಮನೆಯಲ್ಲೇ ಬಿಡಿ. ಅಂತರರಾಷ್ಟ್ರೀಯ ವಾಯುಯಾನ ನಿಯಮದಂತೆ ಇದು ಕೈಚೀಲದಲ್ಲೂ ಬೇಡ, ಚೆಕ್-ಇನ್ ಲಗೇಜಿನಲ್ಲೂ ಬೇಡ. ಲಂಡನ್ನಿಗೆ ಓದಲು ಹೋಗುವ ಮಕ್ಕಳಿಗೆ ಇದನ್ನು ಕೊಟ್ಟು ಕಳಿಸುವ ಯೋಚನೆ ಇದ್ದರೆ ಕೈಬಿಡಿ. ಬ್ರಿಟನ್ನಿನಲ್ಲಿ ಪೆಪ್ಪರ್ ಸ್ಪ್ರೇ 1968ರ ಬಂದೂಕು ಕಾಯ್ದೆಯ ಕೆಳಗೆ ನಿಷೇಧಿತ ಆಯುಧ, ಬ್ಯಾಗಿನಲ್ಲಿ ಸಿಕ್ಕರೇ ಅಪರಾಧ. ಅಲ್ಲಿಗೆ ಅಲಾರಂ ಕೊಟ್ಟು ಕಳಿಸಿ.

ಬೀದಿನಾಯಿಗೆ ಏನು?

ನಮ್ಮ ಊರುಗಳಲ್ಲಿ ಬೆಳಗಿನ ಜಾವ ನಡೆಯುವವರಿಗೆ ಕಳ್ಳರಿಗಿಂತ ನಾಯಿಗಳ ಭಯವೇ ಜಾಸ್ತಿ. ಇದಕ್ಕೆ ಉದ್ದ ಹಿಡಿಕೆಯ ಛತ್ರಿಯಷ್ಟು ಒಳ್ಳೆಯ ಸಾಮಾನು ಇಲ್ಲ. ನಾಯಿಗೂ ನಿಮಗೂ ನಡುವೆ ಬಿಚ್ಚಿ ಹಿಡಿದರೆ ಅದಕ್ಕೆ ಕಾಲು ಕಾಣುವುದಿಲ್ಲ, ನಿಧಾನವಾಗಿ ಹಿಂದೆ ಸರಿಯಬಹುದು. ಓಡಬೇಡಿ. ಛತ್ರಿ ಇಟ್ಟುಕೊಂಡದ್ದಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ, ವಯಸ್ಸಾದವರಿಗೆ ಊರುಗೋಲೂ ಆಗುತ್ತದೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ರೇಬೀಸ್ ಚುಚ್ಚುಮದ್ದು ಶುರು ಮಾಡಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ.

ಇವನ್ನು ಕೊಳ್ಳಬೇಡಿ

ಚಾಕು ಮೊದಲನೆಯದು. ಹಣ್ಣು ಕತ್ತರಿಸಲು, ಪಾರ್ಸೆಲ್ ಬಿಚ್ಚಲು ಸಣ್ಣ ಮಡಚುವ ಚಾಕು ಇರಲಿ, ಅದು ಬೇರೆ ವಿಷಯ. ಆತ್ಮರಕ್ಷಣೆಗೆಂದು ಬೇಡ. ಚಾಕು ಬಳಸಬೇಕೆಂದರೆ ಅವನ ಕೈಗೆ ಸಿಗುವಷ್ಟು ಹತ್ತಿರ ನೀವು ಹೋಗಬೇಕು, ಬಲ ಜಾಸ್ತಿ ಇರುವವನು ಅದನ್ನು ಕಿತ್ತುಕೊಂಡರೆ ಬರಿಗೈಯಲ್ಲಿ ಆಗಬೇಕಿದ್ದ ಜಗಳ ಕೊಲೆಯಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳನ್ನು ಆಯುಧ ಎಂದೇ ಎಣಿಸುತ್ತವೆ, ಮನೆಗೆಲಸ, ಬೇಸಾಯದ ಕತ್ತಿಗಳಿಗೆ ವಿನಾಯಿತಿ ಇದೆ. ದೆಹಲಿಯಲ್ಲಿ ಬಟನ್ ಒತ್ತಿದರೆ ತೆರೆಯುವ ಚಾಕುವಿಗೆ ಇನ್ನೂ ಬಿಗಿ, ಸುಮಾರು 3 ಇಂಚಿನದಕ್ಕೇ ಕೇಸ್ ಆಗುತ್ತದೆ. ಕೊಡವರಿಗೆ ಬಂದೂಕುಗಳ ವಿಚಾರದಲ್ಲಿ ಹಿಂದಿನಿಂದ ಬಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಅವರ ಸಂಪ್ರದಾಯಕ್ಕೆ ಸಂಬಂಧಿಸಿದ್ದು, ನಮ್ಮ ನಿಮ್ಮ ಬ್ಯಾಗಿಗೆ ಅನ್ವಯಿಸುವುದಿಲ್ಲ.

ಜಾಡಿಸಿದರೆ ಉದ್ದವಾಗುವ ಸ್ಟೀಲ್ ಲಾಠಿ ಆನ್‌ಲೈನ್‌ನಲ್ಲಿ ರಾಜಾರೋಷವಾಗಿ ಸಿಗುತ್ತದೆ. ಆದರೆ ಅದೇ ನಿಯಮಗಳ ಆಯುಧಗಳ ಪಟ್ಟಿಯಲ್ಲಿ ಸ್ಟೀಲ್ ಲಾಠಿಯ ಹೆಸರೂ ಇದೆ. ಜೊತೆಗೆ ಗಲಾಟೆ, ಹಬ್ಬ, ಚುನಾವಣೆ ಹೊತ್ತಿನಲ್ಲಿ ನಿಷೇಧಾಜ್ಞೆ ಹಾಕಿದಾಗ ದೊಣ್ಣೆ ಹಿಡಿದು ಓಡಾಡುವುದನ್ನೂ ತಡೆಯುತ್ತಾರೆ.

ಕರೆಂಟ್ ಹೊಡೆಯುವ ಸ್ಟನ್ ಗನ್ ಚಟಚಟ ಎಂದು ಕಿಡಿ ಹಾರಿಸುತ್ತದೆ, ನೋಡಲು ಭಯ. ಆದರೆ ಮೈಗೆ ಒತ್ತಿ ಹಿಡಿಯಬೇಕು, ದಪ್ಪ ಜಾಕೆಟ್ ಇದ್ದರೆ ತಾಗುವುದೇ ಇಲ್ಲ, ಅಗ್ಗದವುಗಳಲ್ಲಿ ವೋಲ್ಟ್ ಲಕ್ಷಗಟ್ಟಲೆ ಬರೆದಿದ್ದರೂ ಒಳಗೆ ಶಕ್ತಿ ಇರುವುದಿಲ್ಲ. ಬೆರಳುಗಳ ಸಂದಿಯಲ್ಲಿ ಕೀ ಹಿಡಿದು ಗುದ್ದುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ, ಗುದ್ದಿದರೆ ಮೊದಲು ಹರಿಯುವುದು ನಿಮ್ಮ ಬೆರಳು. ಬಂದೂಕಿನ ಲೈಸೆನ್ಸ್ ಬಗ್ಗೆ ಇಲ್ಲಿ ಬರೆಯುವುದಿಲ್ಲ, ದಿನಾ ಬ್ಯಾಗಿನಲ್ಲಿ ಹೊತ್ತು ತಿರುಗುವ ಸಾಮಾನು ಅದಲ್ಲ.

ಯಾರಿಗೆ ಯಾವುದು

ನೈಟ್ ಶಿಫ್ಟ್ ಮುಗಿಸಿ ಕ್ಯಾಬಿನಲ್ಲಿ ಬರುವವರು ಅಲಾರಂ, ಫೋನ್ ಎಸ್‌ಒಎಸ್, ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಕ್ಯಾಬ್ ಇಳಿದು ಮನೆತನಕ ಒಂದಷ್ಟು ದೂರ ನಡೆಯಬೇಕಿದ್ದರೆ ಸ್ಪ್ರೇ ಸೇರಿಸಿ. ಸ್ಕೂಟರ್ ಓಡಿಸುವವರಿಗೆ ಟಾರ್ಚ್ ಮತ್ತು ಎಳೆಯಂತೆ ಚಿಮ್ಮುವ ಸ್ಪ್ರೇ. ಕಾಲೇಜು ಹುಡುಗ ಹುಡುಗಿಯರಿಗೆ ಅಲಾರಂ ಮತ್ತು ಟಾರ್ಚ್ ಸಾಕು, ಸ್ಪ್ರೇ ಕೊಟ್ಟರೆ ಎಲ್ಲಿ ಹೊಡೆಯಬಾರದು ಎಂದು ಕೂರಿಸಿ ಹೇಳಿ. ವಾಕಿಂಗ್ ಹೋಗುವ ಅಪ್ಪ ಅಮ್ಮಂದಿರಿಗೆ ಛತ್ರಿ, ಅಲಾರಂ. ಸರ ಕೀಳುವವರ ಕಾಟ ಇರುವ ಬಡಾವಣೆ ಆದರೆ ಚಿನ್ನ ಮನೆಯಲ್ಲಿರಲಿ. ಬೈಕಿನಲ್ಲಿ ಬಂದವನು ಸರಕ್ಕೆ ಕೈ ಹಾಕಿದರೆ ಹಿಡಿದು ಎಳೆದಾಡಬೇಡಿ, ಕುತ್ತಿಗೆ ಕೊಯ್ದುಕೊಂಡು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದಕ್ಕಿಂತ ಸರ ಹೋದರೆ ಹೋಗಲಿ. ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್‌ನಲ್ಲಿ ಕಿತ್ತುಕೊಂಡು ಹೋಗುವುದು ಈಗ ಪ್ರತ್ಯೇಕ ಅಪರಾಧ, ದೂರು ಕೊಡಿ.

ಅದೇ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ನಿಮ್ಮ ಮೈಯನ್ನಷ್ಟೇ ಅಲ್ಲ, ಪಕ್ಕದವರ ಮೈಯನ್ನೂ ಕಾಪಾಡಬಹುದು. ಎರಡು ಕಟ್ಟು ಇವೆ: ಅಪಾಯ ತಪ್ಪಿಸಲು ಬೇಕಾದಷ್ಟೇ ಬಲ ಬಳಸಬೇಕು, ಪೊಲೀಸರ ಸಹಾಯ ಪಡೆಯಲು ಹೊತ್ತಿದ್ದರೆ ಆ ಹಕ್ಕು ಸಿಗುವುದಿಲ್ಲ. ಅವನು ಓಡಿಹೋಗುತ್ತಿದ್ದಾನೆ, ನೀವು ಅಟ್ಟಿಸಿಕೊಂಡು ಹೋಗಿ ಸ್ಪ್ರೇ ಹೊಡೆದಿರಿ ಎಂದರೆ ಆತ್ಮರಕ್ಷಣೆ ಎಂದು ಹೇಳಿಕೊಳ್ಳುವುದು ಕಷ್ಟ. ಬಳಸಬೇಕಾಗಿ ಬಂದರೆ ಜನ ಇರುವ ಕಡೆಗೆ, ಅಂಗಡಿ, ಪೆಟ್ರೋಲ್ ಬಂಕ್ ಕಡೆಗೆ ಓಡಿ, ಕೂಡಲೇ 112ಕ್ಕೆ ನೀವೇ ಕರೆ ಮಾಡಿ ನಡೆದದ್ದನ್ನು ಹೇಳಿ. ಮೊದಲು ಕರೆ ಮಾಡಿದವರು ನೀವೇ ಎಂಬುದು ದಾಖಲಾಗುತ್ತದೆ.

ಕೊಂಡ ಮೇಲಿನ ಕೆಲಸವೂ ಇದೆ. ಸ್ಪ್ರೇಯ ತಳದಲ್ಲಿ ಎಕ್ಸ್‌ಪೈರಿ ತಾರೀಕು ಇರುತ್ತದೆ, ಅದನ್ನು ದಪ್ಪ ಮಾರ್ಕರ್‌ನಲ್ಲಿ ಡಬ್ಬಿಯ ಮೇಲೆ ಬರೆಯಿರಿ, ದಿನ ಕಳೆದಂತೆ ಒಳಗಿನ ಒತ್ತಡ ಇಳಿದು ಹೊರಗೆ ತೊಟ್ಟಿಕ್ಕುವಷ್ಟೇ ಬರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನ ಒಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ, ಡಬ್ಬಿ ಒಡೆಯಬಹುದು. ತಂದ ದಿನ ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ, ಒಂದು ಸಣ್ಣ ಚಿಮ್ಮು ಹೊಡೆದು ನೋಡಿ, ಲಾಕ್ ತೆಗೆಯುವುದು ಬೆರಳಿಗೆ ರೂಢಿಯಾಗಲಿ. ಕೈಗೆ ತಾಗಿದರೆ ಸೋಪಿನಲ್ಲಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ಉಜ್ಜದೆ ತಣ್ಣೀರು ಹಾಕುತ್ತಾ ರೆಪ್ಪೆ ಬಡಿಯುತ್ತಿರಿ, ಲೆನ್ಸ್ ಇದ್ದರೆ ಕೈ ತೊಳೆದು ತೆಗೆದುಬಿಡಿ. ಅಲಾರಂ ಪಿನ್ ತಿಂಗಳಿಗೊಮ್ಮೆ ಎಳೆದು ನೋಡಿ, ಸದ್ದು ಮೆತ್ತಗಾಗಿದ್ದರೆ ಬಟನ್ ಸೆಲ್ ಬದಲಿಸಿ. ಬ್ಯಾಗಿನ ತಳದಲ್ಲಿ ಟಿಫಿನ್ ಬಾಕ್ಸ್ ಕೆಳಗೆ ಇಡಬೇಡಿ. ಅಲಾರಂ ಬ್ಯಾಗಿನ ಪಟ್ಟಿಗೆ ನೇತಾಡಲಿ, ಸ್ಪ್ರೇ ಹೊರಗಿನ ಜಿಪ್ಪಿನಲ್ಲಿ ಒಂಟಿಯಾಗಿ ಇರಲಿ, ಕತ್ತಲ ರಸ್ತೆಗೆ ತಿರುಗುವ ಮೊದಲೇ ಟಾರ್ಚ್ ಕೈಗೆ ಬಂದಿರಲಿ.